ತೆಂಗಿನ ಸೀಮೆಯ ಸೈಕಲ್‌ಗೆ ಸ್ಪ್ರಿಂಗ್‌ಗಿಂತ ಬ್ರೇಕ್ ಮುಖ್ಯ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಸೈಕಲ್ ಅಂಗಡಿಗಳಲ್ಲಿ ಈಗ ಮುಂದಿನ ಸಾಲಿನಲ್ಲಿ ನಿಲ್ಲುವುದು ದಪ್ಪ ಟೈರಿನ, ಮುಂದೆ ಸ್ಪ್ರಿಂಗ್ ಇರುವ, ಕೆಲವಕ್ಕೆ ಸೀಟಿನ ಕೆಳಗೂ ಸ್ಪ್ರಿಂಗ್ ಇರುವ ಗೇರ್ ಸೈಕಲ್‌ಗಳು. ಕೊಳ್ಳುವವರಲ್ಲಿ ಕಾಲೇಜು ಹುಡುಗರಿದ್ದಾರೆ, ನಡೆಯಿರಿ ಇಲ್ಲವೇ ಸೈಕಲ್ ತುಳಿಯಿರಿ ಎಂದು ಡಾಕ್ಟರು ಹೇಳಿದ ನಡುವಯಸ್ಸಿನವರಿದ್ದಾರೆ. ಅವರೆಲ್ಲರ ಬೇಡಿಕೆ ಹೆಚ್ಚುಕಡಿಮೆ ಒಂದೇ: ದಿನಾ ತೋಟಕ್ಕೆ, ಪೇಟೆಗೆ ಹೋಗಿಬರಲು ಆಗಬೇಕು, ಭಾನುವಾರ ಗುಡ್ಡ ಹತ್ತಿ ಇಳಿಯಲೂ ಆಗಬೇಕು, ಎರಡಕ್ಕೂ ಒಂದೇ ಸೈಕಲ್ ಸಾಕಾಗಬೇಕು. ಈ ಬೇಡಿಕೆಯಲ್ಲಿ ಅತಿಯಾಸೆ ಏನೂ ಇಲ್ಲ. ಅಂಥ ಸೈಕಲ್ ಇದೆ, ಕೊಳ್ಳಲೂ ಸಿಗುತ್ತದೆ. ಆದರೆ ಅದನ್ನು ಆರಿಸುವಾಗ ನಾವು ಮೊದಲು ನೋಡುವುದು ಸ್ಪ್ರಿಂಗನ್ನು, ಆಮೇಲೆ ಗೇರಿನ ಸಂಖ್ಯೆಯನ್ನು, ಕೊನೆಗೆ, ನೋಡಿದರೆ, ಬ್ರೇಕ್ ಮತ್ತು ಟೈರನ್ನು. ಈ ಸರದಿ ಪೂರ್ತಿ ತಿರುವುಮುರುವಾಗಬೇಕು ಎಂಬುದು ನನ್ನ ವಾದ. ಕಡಿದಾದ ಇಳಿಜಾರಿನಲ್ಲಿ ಮನುಷ್ಯನನ್ನು ಕಾಪಾಡುವುದು ಬ್ರೇಕು, ಟೈರು ಮತ್ತು ಚೌಕಟ್ಟಿನ ಅಳತೆ. ಈ ಮೂರಕ್ಕೆ ದುಡ್ಡು ಕೊಟ್ಟು ಉಳಿದರೆ ಮಾತ್ರ ಸ್ಪ್ರಿಂಗಿನ ಯೋಚನೆ ಮಾಡಬೇಕು.

ಈ ಮಾತಿಗೆ ಆಧಾರ ಇಲ್ಲಿನ ನೆಲದಲ್ಲೇ ಇದೆ. ಮೂರೂ ತಾಲ್ಲೂಕುಗಳು ಸಮುದ್ರಮಟ್ಟದಿಂದ 800 ಮೀಟರ್‌ ಆಸುಪಾಸಿನ ಎತ್ತರದ ಮೈದಾನದಲ್ಲಿವೆ. ವರ್ಷಕ್ಕೆ ಬೀಳುವ ಮಳೆ 600–700 ಮಿ.ಮೀ. ಮಾತ್ರ, ಅದೂ ಹೆಚ್ಚಿನದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ಹಾಗಾಗಿ ವರ್ಷದ ಬಹುಪಾಲು ಸೈಕಲ್ ಓಡುವುದು ಒಣಗಿದ ಕೆಮ್ಮಣ್ಣಿನ ಮೇಲೆ, ಗರಸಿನ ಮೇಲೆ, ಟ್ರ್ಯಾಕ್ಟರ್ ಗಾಲಿ ಕೊರೆದ ಜಾಡಿನಲ್ಲಿ. ತೋಟದ ದಾರಿ ಬದುವಿನ ಪಕ್ಕ ಹೋಗಿ ಹಳ್ಳಕ್ಕಿಳಿಯುತ್ತದೆ, ಹಳ್ಳದ ಮರಳು ದಾಟಿ ಕೆರೆ ಏರಿ ಹತ್ತುತ್ತದೆ, ಏರಿಯಿಂದ ಮತ್ತೆ ಡಾಂಬರಿಗೆ ಬರುತ್ತದೆ. ಎಲ್ಲೂ ದೊಡ್ಡ ಏರಿಲ್ಲ, ಎಲ್ಲೂ ನೆಲ ಒಂದೇ ತರ ಇಲ್ಲ. ಚಿಕ್ಕನಾಯಕನಹಳ್ಳಿಯ ಕಡೆ ಬಂದರೆ ಮಾತ್ರ ನೋಟ ಬದಲಾಗುತ್ತದೆ. ಭೂವಿಜ್ಞಾನಿಗಳು ಚಿತ್ರದುರ್ಗ ಶಿಸ್ಟ್ ಪಟ್ಟಿ ಎನ್ನುವ ಕಲ್ಲಿನ ಸಾಲು ಈ ತಾಲ್ಲೂಕಿನ ಮೂಲಕ ದಕ್ಷಿಣಕ್ಕೆ ಹಾಯುತ್ತದೆ. ಕಬ್ಬಿಣ, ಮ್ಯಾಂಗನೀಸ್ ಅದಿರು ಇರುವುದು ಇದರಲ್ಲೇ. ಮದಲಿಂಗನ ಕಣಿವೆಯಂಥ ಕಡೆ ನೆಲ ಹಾಳೆಹಾಳೆಯಾಗಿ ಒಡೆಯುವ ಕಲ್ಲು, ಅದರ ಮೇಲೆ ಉರುಳುವ ಸಣ್ಣ ಹರಳು, ಮಳೆನೀರು ಕೊರೆದ ಕೊರಕಲು. ಇಲ್ಲಿನ ಇಳಿಜಾರು ಮಲೆನಾಡಿನ ಘಾಟಿಯಂತೆ ಗಂಟೆಗಟ್ಟಲೆ ಇಳಿಯುವಂಥದ್ದಲ್ಲ. ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಆ ಕೆಲವು ನಿಮಿಷ ಮಾತ್ರ ಹಿಡಿತಕ್ಕೆ ಸಿಗದ ನೆಲದ ಮೇಲೆ, ಕಡಿದಾಗಿ. ಅಂದರೆ ಇಲ್ಲಿ ಬೇಕಿರುವ ಸೈಕಲ್ ವಾರದ ಆರೂಮುಕ್ಕಾಲು ದಿನ ಸಮನೆಲದಲ್ಲಿ ಹಗುರವಾಗಿ ಓಡಬೇಕು, ಉಳಿದ ಸ್ವಲ್ಪ ಹೊತ್ತು ನಿಲ್ಲಿಸಬೇಕಾದಲ್ಲಿ ನಿಲ್ಲಬೇಕು.

ಅಂಗಡಿಯ ಮುಂದಿನ ಸಾಲಿನ ಸೈಕಲ್ ಈ ಎರಡನ್ನೂ ಮಾಡುವುದಿಲ್ಲ. 10ರಿಂದ 15 ಸಾವಿರ ರೂಪಾಯಿಯ ಸೈಕಲ್‌ನ ಮುಂದಿನ ಫೋರ್ಕಿನಲ್ಲಿರುವುದು ಬರೀ ಉಕ್ಕಿನ ಸುರುಳಿ. ಅದನ್ನು ಒತ್ತಿದರೆ ಕುಗ್ಗುತ್ತದೆ, ಬಿಟ್ಟರೆ ಅಷ್ಟೇ ಜೋರಾಗಿ ಚಿಮ್ಮುತ್ತದೆ. ಚಿಮ್ಮುವ ವೇಗವನ್ನು ಎಣ್ಣೆಯಿಂದ ತಡೆಯುವ ವ್ಯವಸ್ಥೆಗೆ ಡ್ಯಾಂಪಿಂಗ್ ಎನ್ನುತ್ತಾರೆ. ಸಸ್ಪೆನ್ಷನ್ ಎಂಬ ಹೆಸರಿಗೆ ಅರ್ಹತೆ ಬರುವುದು ಅದರಿಂದ. ಅದಿಲ್ಲದ ಸುರುಳಿ ಕಲ್ಲಿನ ಮೇಲೆ ಗಾಲಿಯನ್ನು ನೆಲಕ್ಕೆ ಅಂಟಿಸುವ ಬದಲು ನೆಲದಿಂದ ಎಬ್ಬಿಸುತ್ತದೆ. ಅದರ ತೂಕ ಎರಡು, ಎರಡೂವರೆ ಕಿಲೋ. ದಿನಾ ಪೇಟೆಗೆ ಹೋಗುವಾಗಲೂ ಆ ಭಾರವನ್ನು ತಳ್ಳಬೇಕು. ಎದ್ದು ತುಳಿದರೆ ಕಾಲಿನ ಶಕ್ತಿಯ ಒಂದು ಪಾಲು ಅದನ್ನು ಕುಗ್ಗಿಸುವುದಕ್ಕೇ ಹೋಗುತ್ತದೆ. ಒಂದು ಮಳೆಗಾಲ, ಒಂದು ಧೂಳಿನ ಬೇಸಿಗೆ ಕಳೆಯುವಷ್ಟರಲ್ಲಿ ಒಳಗೆ ತುಕ್ಕು ಹಿಡಿದು, ಕುಗ್ಗಿದ್ದು ಕುಗ್ಗಿದಂತೆಯೋ ನಿಂತದ್ದು ನಿಂತಂತೆಯೋ ಉಳಿದುಬಿಡುತ್ತದೆ. ಇನ್ನೂ ದೊಡ್ಡ ತೊಂದರೆ ಇಳಿಜಾರಿನಲ್ಲಿ. ಮುಂದಿನ ಬ್ರೇಕ್ ಹಿಡಿದ ಕೂಡಲೇ ಡ್ಯಾಂಪಿಂಗ್ ಇಲ್ಲದ ಫೋರ್ಕ್ ಕುಸಿಯುತ್ತದೆ, ಸೈಕಲ್‌ನ ಮೂತಿ ಕೆಳಗಾಗುತ್ತದೆ, ಸವಾರನ ಭಾರ ಹ್ಯಾಂಡಲ್ ದಾಟಿ ಮುಂದಕ್ಕೆ ವಾಲುತ್ತದೆ. ಇಳಿಜಾರಿಗೆಂದೇ ಕೊಂಡ ಸ್ಪ್ರಿಂಗು ಇಳಿಜಾರಿನಲ್ಲೇ ಕೈಕೊಡುವುದು ಹೀಗೆ.

ಈಗ ಬ್ರೇಕಿನ ವಿಷಯ. ಮೌಂಟೇನ್ ಬೈಕ್ ಎಂಬ ಜಾತಿಯ ಸೈಕಲ್ ಹುಟ್ಟಿದ್ದೇ ಬ್ರೇಕ್ ಸುಟ್ಟುಹೋಗುವ ಕಥೆಯಿಂದ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1970ರ ದಶಕದಲ್ಲಿ ಕೆಲವು ಯುವಕರು ಹಳೆಯ ದಪ್ಪ ಟೈರಿನ ಸೈಕಲ್‌ಗಳನ್ನು ಗುಡ್ಡದ ಮೇಲಕ್ಕೆ ಸಾಗಿಸಿ ಮಣ್ಣುದಾರಿಯಲ್ಲಿ ಕೆಳಕ್ಕೆ ಬಿಡುತ್ತಿದ್ದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಹಿಂಗಾಲಿಯ ಬ್ರೇಕು ಅವುಗಳದ್ದು. ಒಂದು ಸಲ ಇಳಿಯುವಷ್ಟರಲ್ಲಿ ಅದರೊಳಗಿನ ಗ್ರೀಸೆಲ್ಲ ಕಾದು ಹೊಗೆಯಾಗಿ ಹೋಗುತ್ತಿತ್ತು. ಮುಂದಿನ ಸಲಕ್ಕೆ ಬಿಚ್ಚಿ ಹೊಸ ಗ್ರೀಸ್ ತುಂಬಬೇಕಿತ್ತು. ಹಾಗೆ ಮತ್ತೆ ತುಂಬುವ ಕೆಲಸದಿಂದಲೇ ಆ ದಾರಿಗೆ ರೀಪ್ಯಾಕ್ ಎಂಬ ಹೆಸರು ಬಂತು, 1976ರಲ್ಲಿ ಅಲ್ಲಿ ಮೊದಲ ಸ್ಪರ್ಧೆ ನಡೆಯಿತು. ಆ ಸವಾರರು ಮೊದಲು ಬದಲಿಸಿದ ಭಾಗಗಳಲ್ಲಿ ಬ್ರೇಕ್ ಮತ್ತು ಗೇರ್ ಇದ್ದವು. ಮುಂದಿನ ಫೋರ್ಕಿಗೆ ಕೊಳ್ಳಲು ಸಿಗುವ ಒಳ್ಳೆಯ ಸಸ್ಪೆನ್ಷನ್ ಬಂದದ್ದು 1989ರ ಹೊತ್ತಿಗೆ, ಅಂದರೆ ಹನ್ನೆರಡು ಹದಿಮೂರು ವರ್ಷ ಆದಮೇಲೆ. ಅಷ್ಟು ಕಾಲ ಜನ ಸ್ಪ್ರಿಂಗೇ ಇಲ್ಲದೆ ಗುಡ್ಡ ಇಳಿದರು. ಬ್ರೇಕ್ ಇಲ್ಲದೆ ಒಂದು ದಿನವೂ ಆಗಲಿಲ್ಲ.

ಇದನ್ನು ಲೆಕ್ಕ ಹಾಕಿಯೂ ನೋಡಬಹುದು. ಸವಾರ ಮತ್ತು ಸೈಕಲ್ ಸೇರಿ 85 ಕಿಲೋ ಎಂದುಕೊಳ್ಳಿ, ಗುಡ್ಡದ ತುದಿಯಿಂದ ಬುಡಕ್ಕೆ 150 ಮೀಟರ್ ಎತ್ತರ. ಇಳಿದು ಬರುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 1,25,000 ಜೂಲ್. ಎರಡು ಲೋಟ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಶಾಖ ಅದು. ಇಳಿಜಾರು ನೇರವಾಗಿ, ಅಗಲವಾಗಿ ಇದ್ದರೆ ಅದರಲ್ಲಿ ಬಹುಪಾಲನ್ನು ಗಾಳಿ ತಿನ್ನುತ್ತದೆ. ಕೊರಕಲಿನ ನಡುವೆ ನಿಧಾನವಾಗಿ ಇಳಿಯುವಾಗ ಹೆಚ್ಚಿನದೆಲ್ಲ ಬ್ರೇಕಿಗೇ ಹೋಗಬೇಕು. ರಿಮ್ಮನ್ನು ಒತ್ತುವ ರಬ್ಬರ್ ಬ್ರೇಕಾದರೆ ಆ ಶಾಖ ರಿಮ್ಮಿಗೆ, ಅಲ್ಲಿಂದ ಟ್ಯೂಬಿಗೆ. ಮೇಲಿಂದ ಕೆಮ್ಮಣ್ಣಿನ ಧೂಳು ಸೇರಿ ರಬ್ಬರೂ ರಿಮ್ಮೂ ಒಟ್ಟಿಗೆ ಸವೆಯುತ್ತವೆ. ಡಿಸ್ಕ್ ಬ್ರೇಕಾದರೆ ಶಾಖ ಗಾಳಿಯಾಡುವ ತಟ್ಟೆಯಲ್ಲಿ ಉಳಿದು ಬೇಗ ಆರುತ್ತದೆ. ಮುಂದಿನ ಗಾಲಿಗೆ 180 ಮಿ.ಮೀ. ತಟ್ಟೆ, ಹಿಂದಿನದಕ್ಕೆ 160 ಇದ್ದರೆ ನಮ್ಮ ಗುಡ್ಡಗಳಿಗೆ ಧಾರಾಳವಾಯಿತು. ಡಿಸ್ಕಿನಲ್ಲೂ ಎರಡು ಬಗೆ. ತಂತಿ ಎಳೆಯುವ ಅಗ್ಗದ ಡಿಸ್ಕಿನಲ್ಲಿ ಸಾಮಾನ್ಯವಾಗಿ ಒಂದು ಬದಿಯ ಪ್ಯಾಡ್ ಮಾತ್ರ ಚಲಿಸುತ್ತದೆ. ಪ್ಯಾಡ್ ಸವೆದಂತೆ ಕೈಯಿಂದ ಬಿಗಿ ಮಾಡುತ್ತಿರಬೇಕು. ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಡಿಸ್ಕಿನಲ್ಲಿ ಎರಡೂ ಪ್ಯಾಡ್ ಸಮವಾಗಿ ಹಿಡಿಯುತ್ತವೆ, ಸವೆತವನ್ನು ತಾನೇ ಸರಿದೂಗಿಸುತ್ತದೆ, ಒಂದು ಬೆರಳು ಸಾಕು. ಕೈ ಸೋತಮೇಲೆ ಅಪಘಾತವಾಗುವುದು ಹೆಚ್ಚು. ಒಂದು ಬೆರಳಿನಲ್ಲಿ ಬ್ರೇಕ್ ಹಿಡಿದು ಉಳಿದ ಮೂರು ಬೆರಳು, ಹೆಬ್ಬೆರಳಿನಿಂದ ಹ್ಯಾಂಡಲ್ ಬಿಗಿಯಾಗಿ ಹಿಡಿಯಲು ಆಗುವುದೇ ದೊಡ್ಡ ರಕ್ಷಣೆ.

ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತೀಯ, ಹಿಂದಿನದನ್ನಷ್ಟೇ ಹಿಡಿ ಎಂದು ಮಕ್ಕಳಿಗೆ ಹೇಳಿಕೊಡುವ ರೂಢಿ ನಮ್ಮಲ್ಲಿದೆ. ಇಳಿಜಾರಿನಲ್ಲಿ ಇದು ಅಪಾಯದ ಬುದ್ಧಿವಾದ. ಇಳಿಯುವಾಗ ಭಾರವೆಲ್ಲ ಮುಂಗಾಲಿಯ ಮೇಲಿರುತ್ತದೆ, ಹಿಂಗಾಲಿ ಹಗುರಾಗಿರುತ್ತದೆ. ಅದನ್ನೊಂದನ್ನೇ ಹಿಡಿದರೆ ಗರಸಿನ ಮೇಲೆ ಜಾರುತ್ತ ಹೋಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಪಲ್ಟಿಯ ಭಯಕ್ಕೆ ನಿಜವಾದ ಕಾರಣ ಚೌಕಟ್ಟಿನ ಅಳತೆಯಲ್ಲಿದೆ. ಹ್ಯಾಂಡಲ್ ಕೂರುವ ಕೊಳವೆ ನೆಲದೊಂದಿಗೆ ಮಾಡುವ ಕೋನ ಅಗ್ಗದ ಸೈಕಲ್‌ಗಳಲ್ಲಿ 70, 71 ಡಿಗ್ರಿ ಇರುತ್ತದೆ, ಅಂದರೆ ಹೆಚ್ಚುಕಡಿಮೆ ನೆಟ್ಟಗೆ. ಮುಂಗಾಲಿ ಸವಾರನ ಕೆಳಗೇ ಇರುತ್ತದೆ, ಕಲ್ಲಿಗೆ ತಾಗಿದರೆ ಅವನು ಅದರ ಮೇಲಿಂದ ಹೋಗುತ್ತಾನೆ. ಟ್ರೇಲ್ ಬೈಕ್‌ಗಳೆಂದು ಕರೆಸಿಕೊಳ್ಳುವವುಗಳಲ್ಲಿ ಆ ಕೋನ 65ರಿಂದ 67 ಡಿಗ್ರಿ. ಗಾಲಿ ನಾಲ್ಕಾರು ಸೆಂಟಿಮೀಟರ್ ಮುಂದೆ ಸರಿದಿರುತ್ತದೆ, ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಧೈರ್ಯವಾಗಿ ಹಿಡಿಯಬಹುದು. ಕೋನ 63, 64ಕ್ಕೆ ಇಳಿದ ಸೈಕಲ್‌ಗಳೂ ಇವೆ. ಅವು ಬರೀ ಇಳಿಯಲೆಂದೇ ಮಾಡಿದವು, ಬದುವಿನ ಮೇಲೆ ನಿಧಾನವಾಗಿ ಹೋಗುವಾಗ ಮುಂಗಾಲಿ ಅತ್ತಿತ್ತ ಓಲಾಡುತ್ತದೆ. ನಮ್ಮ ನೆಲಕ್ಕೆ 66ರ ಆಸುಪಾಸೇ ಸರಿ. ಇನ್ನೊಂದು ಸಂಗತಿ ಸೀಟು. ಸಮನೆಲದಲ್ಲಿ ಕಾಲು ಪೂರ್ತಿ ಚಾಚಿ ತುಳಿಯಲು ಸೀಟು ಎತ್ತರ ಇರಬೇಕು, ಇಳಿಯುವಾಗ ಅದೇ ಎತ್ತರ ಸವಾರನನ್ನು ಮುಂದಕ್ಕೆ ನೂಕುತ್ತದೆ. ಹ್ಯಾಂಡಲ್‌ನ ಒಂದು ಗುಂಡಿ ಒತ್ತಿದರೆ ಸೀಟು ಇಳಿಯುವ ಡ್ರಾಪರ್ ಪೋಸ್ಟ್ ಬಂದಿದೆ. ಒಂದೇ ಸೈಕಲನ್ನು ದಿನಬಳಕೆಗೂ ಗುಡ್ಡಕ್ಕೂ ಒಗ್ಗಿಸುವುದರಲ್ಲಿ ಯಾವ ಸ್ಪ್ರಿಂಗಿಗಿಂತಲೂ ಇದರ ಪಾತ್ರ ದೊಡ್ಡದು. ಅದಕ್ಕೆ ದುಡ್ಡಿಲ್ಲದಿದ್ದರೆ ಪಾನಾ ಬೇಡದೆ ಕೈಯಲ್ಲೇ ಸಡಿಲಿಸುವ ಸೀಟ್ ಕ್ಲಾಂಪ್ ಹಾಕಿಸಿ, ಗುಡ್ಡದ ತುದಿಯಲ್ಲಿ ಇಳಿದು, ಸೀಟನ್ನು ಒಂದು ಗೇಣು ಕೆಳಗಿಳಿಸಿ ಹೊರಟರಾಯಿತು. ಖರ್ಚು ಕೆಲವೇ ನೂರು ರೂಪಾಯಿ.

ಟೈರಿನ ಬಗ್ಗೆ ತೆಂಗಿನ ಸೀಮೆಯವರಿಗೆ ಹೇಳಿಕೊಡಬೇಕಾದದ್ದು ಕಡಿಮೆ, ಮುಳ್ಳಿನ ಪರಿಚಯ ಎಲ್ಲರಿಗೂ ಇದೆ. ಕೆರೆ ಅಂಗಳದಲ್ಲಿ ಬಳ್ಳಾರಿ ಜಾಲಿ, ಬೇಲಿಸಾಲಿನಲ್ಲಿ ಕರಿಜಾಲಿ, ಬೀಳು ನೆಲದಲ್ಲಿ ನೆಗ್ಗಿಲು. ನೆಗ್ಗಿಲಿನ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೆ ನೋಡುತ್ತಿರುತ್ತದೆ. ಟ್ಯೂಬ್ ಇರುವ ಸೈಕಲ್‌ನಲ್ಲಿ ಇದಕ್ಕೆ ಜನ ಕಂಡುಕೊಂಡ ಉಪಾಯ ಗಾಳಿಯನ್ನು ಕಲ್ಲಿನಂತೆ ಗಟ್ಟಿಯಾಗಿ ತುಂಬುವುದು. ಮುಳ್ಳು ಆಗಲೂ ಚುಚ್ಚುತ್ತದೆ, ಮೇಲಾಗಿ ಟೈರು ಗರಸಿನ ಮೇಲೆ ಪುಟಿದು ಹಿಡಿತ ಬಿಡುತ್ತದೆ. ಟ್ಯೂಬ್‌ಲೆಸ್ ಟೈರಿನೊಳಗೆ ಗಾಲಿಯೊಂದಕ್ಕೆ 100 ಮಿಲಿಲೀಟರ್‌ನಷ್ಟು ರಬ್ಬರ್ ಹಾಲಿನ ದ್ರವ ಸುರಿದಿದ್ದರೆ ಮುಳ್ಳು ಕಿತ್ತ ತೂತು ಗಾಲಿ ಒಂದೆರಡು ಸುತ್ತು ತಿರುಗುವಷ್ಟರಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಸ್ಕೂಟರು, ಬೈಕುಗಳಲ್ಲಿ ಟ್ಯೂಬ್‌ಲೆಸ್ ಎಲ್ಲರಿಗೂ ರೂಢಿಯಾಗಿದೆ, ಸೈಕಲ್‌ಗೆ ಬಂದಾಗ ಮಾತ್ರ ಅದನ್ನು ಶೋಕಿ ಎಂದು ತಿಳಿಯುವುದು ಸರಿಯಲ್ಲ. ಟ್ಯೂಬ್ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಹರಿಯುವ ಭಯ ಇಲ್ಲದ ಕಾರಣ 2.3 ಅಥವಾ 2.4 ಇಂಚು ಅಗಲದ ಟೈರನ್ನು 22ರಿಂದ 26 ಪಿಎಸ್‌ಐ ಗಾಳಿಯಲ್ಲಿ ಓಡಿಸಬಹುದು. ಆಗ ಟೈರೇ ನೆಲದ ಏರುಪೇರನ್ನು ನುಂಗುತ್ತದೆ, ಮರಳಿನಲ್ಲಿ ಹೂಳುವುದಿಲ್ಲ, ಹರಳಿನ ಮೇಲೆ ಜಾರುವುದು ಕಡಿಮೆ. ಅಗ್ಗದ ಸ್ಪ್ರಿಂಗ್ ಕೊಡುತ್ತೇನೆಂದು ಹೇಳಿ ಕೊಡದ ಮೆತ್ತನೆಯನ್ನು ಇದು ನಿಜವಾಗಿ ಕೊಡುತ್ತದೆ. ಒಂದೇ ಎಚ್ಚರಿಕೆ, ಆ ದ್ರವ ನಮ್ಮ ಬೇಸಿಗೆಯಲ್ಲಿ ಮೂರು ನಾಲ್ಕು ತಿಂಗಳಿಗೆ ಒಣಗುತ್ತದೆ. ಶಿವರಾತ್ರಿಯ ಹೊತ್ತಿಗೊಮ್ಮೆ, ಮುಂಗಾರಿಗೊಮ್ಮೆ, ದಸರೆಗೊಮ್ಮೆ ತುಂಬಿಸಿಕೊಂಡರೆ ವರ್ಷ ಸಾಗುತ್ತದೆ. ಟೈರಿನ ಗುಬುಟುಗಳು ತೀರಾ ಎತ್ತರದವು ಬೇಡ, ಅವು ಕೆಸರಿನ ನಾಡಿಗೆ. ಇಲ್ಲಿ ಮಧ್ಯದಲ್ಲಿ ಒತ್ತೊತ್ತಾಗಿ, ಅಂಚಿನಲ್ಲಿ ಗಟ್ಟಿಯಾಗಿ ಇದ್ದರೆ ಡಾಂಬರಿನಲ್ಲೂ ಗುಡ್ಡದಲ್ಲೂ ನಡೆಯುತ್ತದೆ.

ಗೇರಿನ ವಿಷಯ ಬೇಗ ಮುಗಿಸಬಹುದು. 21 ಗೇರ್ ಎಂಬ ಲೆಕ್ಕಕ್ಕೆ ಮರುಳಾಗಬೇಕಿಲ್ಲ, ಅದರಲ್ಲಿ ಅರ್ಧ ಒಂದರಂತೆ ಇನ್ನೊಂದು. ಮುಂದೆ ಒಂದೇ 32 ಹಲ್ಲಿನ ಚಕ್ರ, ಹಿಂದೆ 11ರಿಂದ 46 ಹಲ್ಲಿನವರೆಗಿನ ಸಾಲು ಇದ್ದರೆ ಸಾಕು. ನಮ್ಮ ತಂದೆ ತಾತಂದಿರ ಕಪ್ಪು ಸೈಕಲ್ ಒಂದು ಸುತ್ತು ಪೆಡಲಿಗೆ ಐದು ಮೀಟರ್‌ಗೂ ಹೆಚ್ಚು ಓಡುತ್ತದೆ, ಈ ಸೈಕಲ್ ಅತಿ ಹಗುರ ಗೇರಿನಲ್ಲಿ ಒಂದೂವರೆ ಮೀಟರ್ ಚಿಲ್ಲರೆ ಮಾತ್ರ. ಕಣಿವೆಯ ಏರನ್ನು ಕುಳಿತೇ ಹತ್ತಬಹುದು. ಮುಂದೆ ಒಂದೇ ಚಕ್ರ ಎನ್ನುವುದಕ್ಕೆ ಇಲ್ಲಿ ಇನ್ನೊಂದು ಕಾರಣವಿದೆ. ತೋಟದ ದಾರಿಯ ತುಂಬ ತೆಂಗಿನ ಗರಿಯ ಕಡ್ಡಿ, ಮಟ್ಟೆಯ ನಾರು. ಸರಪಳಿ ಸರಿಸುವ ಭಾಗ ಎರಡಿದ್ದರೆ ಸಿಕ್ಕಿಕೊಳ್ಳುವ ಜಾಗವೂ ಎರಡು. ಹಿಂದಿನ ಡಿರೇಲರ್ ನೇತಾಡುವ ಸಣ್ಣ ಕೊಂಡಿ, ಹ್ಯಾಂಗರ್ ಎನ್ನುತ್ತಾರೆ, ಕಡ್ಡಿ ಸಿಕ್ಕಿದಾಗ ಮೊದಲು ಮುರಿಯುವುದು ಅದೇ. ಚೌಕಟ್ಟಿಗೊಂದು ಆಕಾರ ಇರುವುದರಿಂದ ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಸೈಕಲ್ ಕೊಳ್ಳುವ ದಿನವೇ ಒಂದನ್ನು ಹೆಚ್ಚಿಗೆ ತೆಗೆದಿಟ್ಟುಕೊಳ್ಳಬೇಕು. ಗಾಲಿ 29 ಇಂಚೋ 27.5 ಇಂಚೋ ಎಂಬ ಚರ್ಚೆಯಲ್ಲಿ ಹುರುಳು ಕಡಿಮೆ: ಐದೂಕಾಲು ಅಡಿಗಿಂತ ಗಿಡ್ಡ ಇರುವವರಿಗೆ ಚಿಕ್ಕದು, ಉಳಿದವರಿಗೆ ದೊಡ್ಡದು.

ಇಷ್ಟು ಹೇಳಿದಾಗ ಬರುವ ಮೊದಲ ಆಕ್ಷೇಪ ಗುಡ್ಡದ ಸವಾರಿ ಬಲ್ಲವರದ್ದು. ಕಡಿದಾದ ಇಳಿಜಾರೆಂದರೆ ಹಿಂದೆಮುಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ ಸೈಕಲ್ಲೇ ಬೇಕು ಎನ್ನುತ್ತಾರೆ ಅವರು. ಈ ಮಾತಿನಲ್ಲಿ ಸತ್ಯವಿದೆ. ಒಳ್ಳೆಯ ಹಿಂಬದಿ ಸಸ್ಪೆನ್ಷನ್ ಇದ್ದರೆ ಕಲ್ಲುಮಯ ದಾರಿಯಲ್ಲಿ ಗಾಲಿ ನೆಲ ಬಿಡುವುದಿಲ್ಲ, ಸವಾರ ದಣಿಯುವುದು ತಡ, ವೇಗ ಹೆಚ್ಚು. ಗದಗದ ಬಿಂಕದಕಟ್ಟಿಯಂಥ ಗುಡ್ಡದಲ್ಲಿ ಸ್ಪರ್ಧೆಗೆ ಇಳಿಯುವವರಿಗೆ, ಬೆನ್ನುನೋವಿದ್ದೂ ವಾರವಾರ ಕಲ್ಲುದಾರಿ ಬಿಡದವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಹಾಗೆ ಕೆಲಸ ಮಾಡುವ ಸೈಕಲ್‌ನ ಬೆಲೆ ಲಕ್ಷ ದಾಟುತ್ತದೆ. ಅದರ ಕೀಲುಗಳಲ್ಲಿ ಬೇರಿಂಗ್‌ಗಳಿವೆ, ನಮ್ಮ ಧೂಳು ಅವನ್ನು ಬಿಡುವುದಿಲ್ಲ. ಗಾಳಿ ತುಂಬಿದ ಶಾಕ್ ಅನ್ನು ಕಾಲಕಾಲಕ್ಕೆ ಬಿಚ್ಚಿ ಸೀಲ್ ಬದಲಿಸಬೇಕು, ಅದಕ್ಕೆ ತಿಪಟೂರಿನಿಂದ 140 ಕಿ.ಮೀ. ದೂರದ ಬೆಂಗಳೂರಿಗೆ ಒಯ್ಯಬೇಕು. ಕೆಲವು ನಿಮಿಷದ ಇಳಿಜಾರಿಗಾಗಿ ಉಳಿದ ದಿನಗಳಲ್ಲಿ ಎರಡು ಮೂರು ಕಿಲೋ ಹೆಚ್ಚಿನ ತೂಕ ಹೊರಬೇಕು. ಅಗ್ಗದ ಸೈಕಲ್‌ನ ಸೀಟಿನ ಕೆಳಗಿರುವ ಸ್ಪ್ರಿಂಗಂತೂ ಈ ಚರ್ಚೆಗೇ ಬರಬಾರದು. ತುಳಿದ ಶಕ್ತಿಯನ್ನು ಕುಡಿಯುವುದೊಂದೇ ಅದರ ಕೆಲಸ. ಸಮನೆಲವೂ ಗುಡ್ಡವೂ ಬೆರೆತ ನಮ್ಮಂಥ ಸೀಮೆಗೆ ಹಿಂದೆ ಗಟ್ಟಿ ಚೌಕಟ್ಟು, ಮುಂದೆ ಗಾಳಿಯಿಂದ ನಡೆಯುವ, ಡ್ಯಾಂಪಿಂಗ್ ಇರುವ 120 ಮಿ.ಮೀ. ಫೋರ್ಕು ಇರುವ ಹಾರ್ಡ್‌ಟೇಲ್ ಸೈಕಲ್ ತಕ್ಕದ್ದು. ಆ ಗುಣದ ಫೋರ್ಕಿಗೆ ದುಡ್ಡು ಸಾಲದಿದ್ದರೆ ಸ್ಪ್ರಿಂಗ್ ಇಲ್ಲದ ಗಟ್ಟಿ ಉಕ್ಕಿನ ಫೋರ್ಕನ್ನೇ ಆರಿಸಿ, ಉಳಿದ ಹಣವನ್ನು ಬ್ರೇಕ್ ಟೈರಿಗೆ ಹಾಕುವುದು ಮೇಲು. 25,000 ರೂಪಾಯಿಯೊಳಗೆ ಕೊಳ್ಳುವವರಿಗೆ ಇದರಲ್ಲಿ ಎರಡು ಮಾತಿಲ್ಲ.

ದುಡ್ಡಿನ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಹೈಡ್ರಾಲಿಕ್ ಡಿಸ್ಕ್, ಟ್ಯೂಬ್‌ಲೆಸ್ ಗಾಲಿ, ಒಳ್ಳೆಯ ಅಳತೆ ಇರುವ ಹಾರ್ಡ್‌ಟೇಲ್‌ಗೆ 45ರಿಂದ 60 ಸಾವಿರ ಬೇಕು. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಕೊಟ್ಟ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಆ ಲೆಕ್ಕದಲ್ಲಿ ಸೈಕಲ್ ಒಂದಕ್ಕೆ ನಾಲ್ಕು ಐದು ಕ್ವಿಂಟಲ್ ಕೊಬ್ಬರಿ. 2023ರಲ್ಲಿ ಮಾರುಕಟ್ಟೆ ಬೆಲೆ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಬಿದ್ದಾಗ ತಿಪಟೂರಿನ ಎಪಿಎಂಸಿ ಅಂಗಳದಲ್ಲಿ ನಿಂತ ಬೆಳೆಗಾರರಿಗೆ ಈ ಮಾತು ಹೇಳಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಕೊಬ್ಬರಿ ಏರಿದ ವರ್ಷಗಳಲ್ಲೂ ಅದು ಸಣ್ಣ ಹಣವಲ್ಲ. ಆದ್ದರಿಂದಲೇ 12,000 ರೂಪಾಯಿಯ ಸ್ಪ್ರಿಂಗ್ ಸೈಕಲನ್ನು ನಾನು ವಿರೋಧಿಸುತ್ತೇನೆ: ಎರಡು ವರ್ಷಕ್ಕೆ ಫೋರ್ಕ್ ತುಕ್ಕು ಹಿಡಿದು, ಗೇರ್ ಸಡಿಲಾಗಿ, ಮನೆಯ ಹಿಂದೆ ಒರಗಿಸಿದ ಮೇಲೆ ಅದು ಪೂರ್ತಿ ಕಳೆದ ದುಡ್ಡು. ಅದೇ ಮೊತ್ತಕ್ಕೆ ಸ್ಪ್ರಿಂಗೂ ಇಲ್ಲದ, ಹೆಚ್ಚು ಗೇರೂ ಇಲ್ಲದ ಸಾದಾ ಸೈಕಲ್ ಸಿಗುತ್ತದೆ, ಹತ್ತು ವರ್ಷ ಬಾಳುತ್ತದೆ. ಗುಡ್ಡಕ್ಕೆ ಹೋಗದವರು ಅದನ್ನೇ ಕೊಳ್ಳಲಿ. ಗುಡ್ಡ ಇಳಿಯುವ ಆಸೆ ಗಟ್ಟಿಯಾಗಿ ಇರುವವರು ಒಂದು ವರ್ಷ ಕಾದು ದುಡ್ಡು ಕೂಡಿಸುವುದು ಒಳ್ಳೆಯದು. ಬೆಂಗಳೂರಿನಲ್ಲಿ ಎರಡು ಮೂರು ವರ್ಷ ಬಳಸಿದ ಒಳ್ಳೆಯ ಹಾರ್ಡ್‌ಟೇಲ್‌ಗಳು ಅರ್ಧ ಬೆಲೆಗೆ ಕೈ ಬದಲಾಗುತ್ತವೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. 50,000ದ ಸೈಕಲ್‌ನಲ್ಲಿ ಅದರಿಂದ ಉಳಿಯುವ ಮೂರು ಸಾವಿರ ಚಿಲ್ಲರೆ ಒಂದು ಒಳ್ಳೆಯ ಹೆಲ್ಮೆಟ್ಟಿಗೆ ಸಾಕು. ಹೆಲ್ಮೆಟ್ ಇಲ್ಲದೆ ಗುಡ್ಡಕ್ಕೆ ಹೋಗುವ ಮಾತೇ ಇಲ್ಲ.

ಇಷ್ಟೆಲ್ಲ ಇರುವ ಸೈಕಲನ್ನು ಹುಳಿಯಾರಿನಲ್ಲೋ ಬಾಣಸಂದ್ರದಲ್ಲೋ ರಿಪೇರಿ ಮಾಡುವವರು ಯಾರು ಎಂದು ಕೇಳುವವರಿದ್ದಾರೆ. ಪಂಕ್ಚರ್ ಅಂಗಡಿಯ ಮೇಲೆ ಭಾರ ಹಾಕಿ ನೋಡಿದರೆ ಪ್ರಶ್ನೆ ಸರಿ. ಆದರೆ ಅದೇ ಬೀದಿಯಲ್ಲಿ ಮೋಟಾರ್ ಸೈಕಲ್ ಮೆಕ್ಯಾನಿಕ್ ಇದ್ದಾನೆ, ಹೈಡ್ರಾಲಿಕ್ ಡಿಸ್ಕ್ ಬ್ರೇಕಿನ ಗಾಳಿ ತೆಗೆಯುವ ಕೆಲಸವನ್ನು ಅವನು ಎಷ್ಟೋ ವರ್ಷಗಳಿಂದ ಮಾಡುತ್ತ ಬಂದಿದ್ದಾನೆ. ತತ್ವ ಅದೇ. ಎಣ್ಣೆ ಮಾತ್ರ ಬೇರೆ ಇರಬಹುದು: ಹಲವು ಸೈಕಲ್ ಬ್ರೇಕ್‌ಗಳಿಗೆ ಮಿನರಲ್ ಆಯಿಲ್ ಬೇಕು, ಬೈಕಿಗೆ ಹಾಕುವ ಡಾಟ್ ಎಣ್ಣೆ ಹಾಕಿದರೆ ಒಳಗಿನ ಸೀಲ್ ಊದಿ ಹಾಳಾಗುತ್ತದೆ. ಆ ಎಣ್ಣೆಯ ಒಂದು ಸಣ್ಣ ಬಾಟಲಿ ಮನೆಯಲ್ಲಿಟ್ಟುಕೊಂಡು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬದಲಿಸಿದರೆ ಮುಗಿಯಿತು. ಇಷ್ಟಾದರೂ ನಂಬಿಕೆ ಬಾರದವರು ಎರಡೂ ಪ್ಯಾಡ್ ಚಲಿಸುವ ತಂತಿ ಡಿಸ್ಕನ್ನು ಆರಿಸಿಕೊಳ್ಳಬಹುದು; ತಂತಿ ಯಾವ ಹಳ್ಳಿಯಲ್ಲೂ ಸಿಗುತ್ತದೆ.

ಗುಡ್ಡ ಇಳಿಯಲು ಎಲ್ಲೆಲ್ಲಿ ಹೋಗಬಹುದು ಎಂಬುದನ್ನೂ ಇದೇ ಉಸಿರಿನಲ್ಲಿ ಹೇಳಬೇಕು, ಏಕೆಂದರೆ ಸೈಕಲ್ ಎಷ್ಟೇ ಒಳ್ಳೆಯದಾದರೂ ಕಾಲಿಡಬಾರದ ನೆಲವಿದೆ. ಪಕ್ಕದ ಸಿರಾ ಕಡೆಯ ಬುಕ್ಕಾಪಟ್ಟಣದ ಕಾಡು 2019ರಲ್ಲಿ ಚಿಂಕಾರ ವನ್ಯಜೀವಿಧಾಮವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಂಥ ಕಡೆ ಅನುಮತಿಯಿಲ್ಲದೆ ಹೋಗುವಂತಿಲ್ಲ. ಉಳಿದ ಮೀಸಲು ಅರಣ್ಯದ ದಾರಿಗೂ ವಲಯ ಅರಣ್ಯ ಕಚೇರಿಯಲ್ಲಿ ಕೇಳಿಯೇ ಹೋಗಬೇಕು. ಕರಡಿ, ಚಿರತೆ ಇರುವ ಸೀಮೆ ಇದು, ಮಬ್ಬುಗತ್ತಲಲ್ಲಿ ಸದ್ದಿಲ್ಲದೆ ಇಳಿಯುವ ಸೈಕಲ್ ಅವಕ್ಕೂ ಅಪಾಯ, ಸವಾರನಿಗೂ ಅಪಾಯ. ಬಿಸಿಲೇರಿದ ಮೇಲೆ ಹೊರಟು ಹೊತ್ತಿರುವಾಗಲೇ ಊರು ಸೇರಬೇಕು. ಅದಿರಿನ ಗುಡ್ಡಗಳ ಆಕರ್ಷಣೆ ಇನ್ನೂ ಕೆಟ್ಟದ್ದು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆ ನಿಲ್ಲಿಸಿದ ಮೇಲೆ ಪಾಳುಬಿದ್ದ ಗಣಿಗಳ ದಾರಿಗಳು ಅಗಲವಾಗಿ, ಕಡಿದಾಗಿ, ಸೈಕಲ್‌ಗೆಂದೇ ಮಾಡಿದಂತೆ ಕಾಣುತ್ತವೆ. ಅವುಗಳ ಅಂಚು ಸಡಿಲ ಅದಿರು, ಅಂಚಿನಾಚೆ ನೀರು ತುಂಬಿದ ಗುಂಡಿ. ಅಲ್ಲಿ ಯಾವ ಬ್ರೇಕೂ ಉಪಯೋಗಕ್ಕೆ ಬರುವುದಿಲ್ಲ.

ಕೊನೆಯದಾಗಿ ಹೆಣ್ಣುಮಕ್ಕಳ, ಚಿಕ್ಕ ಮೈಕಟ್ಟಿನವರ ವಿಚಾರ. ಅಂಗಡಿಯಲ್ಲಿರುವುದು ಬಹುತೇಕ ಒಂದೇ ಅಳತೆ, ಕೊಳ್ಳುವವರು ಅದಕ್ಕೆ ಹೊಂದಿಕೊಳ್ಳಬೇಕು. ಚೌಕಟ್ಟು ದೊಡ್ಡದಾದರೆ ಬ್ರೇಕ್ ಲಿವರಿಗೆ ಬೆರಳು ಎಟುಕುವುದಿಲ್ಲ, ನಿಲ್ಲಿಸಿದಾಗ ಕಾಲು ನೆಲಕ್ಕೆ ತಾಗುವುದಿಲ್ಲ, ಇಳಿಜಾರಿನಲ್ಲಿ ಹಿಂದಕ್ಕೆ ಸರಿಯಲು ಜಾಗವಿರುವುದಿಲ್ಲ. ಮೇಲೆ ಹೇಳಿದ ಒಂದೊಂದು ಗುಣವೂ ಅಲ್ಲಿ ವ್ಯರ್ಥ. ಒಳ್ಳೆಯ ಕಂಪನಿಗಳ ಹಾರ್ಡ್‌ಟೇಲ್‌ಗಳು ಮೂರು ನಾಲ್ಕು ಅಳತೆಯಲ್ಲಿ ಬರುತ್ತವೆ, ಲಿವರಿನ ದೂರವನ್ನು ಒಂದು ಸ್ಕ್ರೂ ತಿರುಗಿಸಿ ಕೈಗೆ ತಕ್ಕಂತೆ ಮಾಡಬಹುದು. ಹೇಳಿ ತರಿಸಿಕೊಡುತ್ತೇವೆ ಎನ್ನುವ ಅಂಗಡಿಯಲ್ಲೇ ಕೊಳ್ಳಬೇಕು, ಹತ್ತಿ ಸುತ್ತು ಹಾಕಿ ನೋಡದೆ ದುಡ್ಡು ಕೊಡಬಾರದು. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದಾಗ ಈ ತಾಲ್ಲೂಕುಗಳ ತೋಟದ ಮನೆಗಳಿಂದ ಹೈಸ್ಕೂಲಿಗೆ ಬರುವ ಹುಡುಗಿಯರ ದಾರಿಯೇ ಬದಲಾಯಿತು. ಕೋವಿಡ್ ಕಾಲದಲ್ಲಿ ಆ ಯೋಜನೆ ನಿಂತಿತು. ಅದನ್ನು ಮತ್ತೆ ನಡೆಸಬೇಕೆಂಬ ಒತ್ತಾಯ ಸರಿಯಾದದ್ದು, ಆದರೆ ಹಳೆಯದೇ ಟೆಂಡರ್ ಸಾಲದು. ಎಂಟನೇ ತರಗತಿಯ ಮಕ್ಕಳ ಎತ್ತರದಲ್ಲಿ ಒಂದು ಅಡಿಯಷ್ಟು ವ್ಯತ್ಯಾಸವಿರುತ್ತದೆ. ಎರಡು ಅಳತೆಯ ಚೌಕಟ್ಟು, ಸಣ್ಣ ಕೈಗೆ ಎಟುಕುವ ಲಿವರು, ಒದ್ದೆಯಾದರೂ ಹಿಡಿಯುವ ಬ್ರೇಕು, ಒಂದಿಷ್ಟು ಅಗಲದ ಟೈರು ಇಷ್ಟನ್ನು ಟೆಂಡರಿನಲ್ಲೇ ಬರೆಯಬೇಕು, ಶಾಲೆಗೆ ಸೈಕಲ್ ಬಂದ ದಿನ ಹಂಚುವ ಮೊದಲು ಒಂದೊಂದರ ಬ್ರೇಕನ್ನೂ ಹಿಡಿದು ನೋಡಬೇಕು.